ಬದುವಿನ ಮೇಲೆ ಎದುರಾದವನು

ಮೊದಲೇ ಕ್ಷಮೆ ಕೇಳುತ್ತೇನೆ. ಈ ಕತೆಯನ್ನು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಇದನ್ನು ಹೇಳಿದವರು ನಮ್ಮ ಗುರುಗಳು. ಅವರ ಬಾಯಲ್ಲಿ ಇದು ಬಹಳ ಚಿಕ್ಕದಾಗಿತ್ತು. ನನ್ನ ಕೈಯಲ್ಲಿ ಉದ್ದವಾಗುತ್ತದೆ, ಏಕೆಂದರೆ ಓದುವವರಿಗೆ ಎಲ್ಲಿ ತಿಳಿಯದೆ ಹೋಗುತ್ತದೋ ಎಂಬ ಹೆದರಿಕೆಯಿಂದ ನಾನು ನಡುನಡುವೆ ವಿವರಿಸುತ್ತೇನೆ. ತಿಳಿದವರು ಆ ವಿವರಣೆಗಳನ್ನು ದಾಟಿಕೊಂಡು ಓದಬಹುದು.

ಪ್ರಶ್ನೆ ಕೇಳಿದವರು ನಿರ್ವಾಣಪ್ಪನವರು. ಅವರು ನಮ್ಮ ಮಠದ ಹಿರಿಯ ಶಿಷ್ಯರು. ಕೇಳಿದ್ದು ಹೀಗೆ:

"ಗುರುಗಳೇ, ಬಿಟ್ಟುಕೊಟ್ಟದ್ದು ನಿಜವಾಗಿ ಕೈಬಿಟ್ಟು ಹೋಯಿತು ಎಂದು ಬಿಟ್ಟವನಿಗೆ ಹೇಗೆ ತಿಳಿಯುತ್ತದೆ?"

ಈ ಪ್ರಶ್ನೆಯ ಹಿಂದೆ ಏನಿತ್ತು ಎಂದು ಹೇಳಬೇಕು. ಕೆರೆಯ ಕೆಳಗೆ ಮಠಕ್ಕೆ ಸೇರಿದ ಗದ್ದೆಯೊಂದಿತ್ತು. ಅದು ಮೊದಲು ಜೌಗು ನೆಲವಾಗಿತ್ತಂತೆ. ಅದನ್ನು ಮತ್ತೆ ಜೌಗಾಗಲು ಬಿಟ್ಟು, ಹಕ್ಕಿಗಳಿಗೂ ಮೃಗಗಳಿಗೂ ಇರಲಿ ಎಂದು ಮಠ ಊರಿಗೆ ಒಪ್ಪಿಸಿತು. ಬಸಿಗಾಲುವೆಗಳನ್ನು ಮುಚ್ಚಿದವರು ನಿರ್ವಾಣಪ್ಪನವರೇ. ಬಸಿಗಾಲುವೆ ಎಂದರೆ ನೆಲದಲ್ಲಿ ನಿಂತ ನೀರನ್ನು ಹೊರಗೆ ಹರಿಸುವ ಕಾಲುವೆ. ನೀರು ನಿಂತಿತು. ಹಕ್ಕಿ ಬರಲಿಲ್ಲ. ನಿರ್ವಾಣಪ್ಪನವರು ದಿನವೂ ಹೋಗಿ ನೋಡಿ, ದಿನವೂ ಸುಮ್ಮನೆ ಬಂದು ಊಟಕ್ಕೆ ಕೂರುತ್ತಿದ್ದರು. ಪ್ರಶ್ನೆಯಲ್ಲಿ ಇದನ್ನೆಲ್ಲ ಅವರು ಹೇಳಲಿಲ್ಲ. ಹೇಳದಿದ್ದರೂ ನಮಗೆಲ್ಲ ಗೊತ್ತಿತ್ತು.

ಗುರುಗಳು ಉತ್ತರವಾಗಿ ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನಿಗೆ ವಯಸ್ಸಾಗಿತ್ತು. ಊರಿನ ಪಡುವಣಕ್ಕೆ ಒಂದು ತಗ್ಗು ಪ್ರದೇಶವಿತ್ತು. ಅವನು ಎಳೆಯನಾಗಿದ್ದಾಗ ಅಲ್ಲಿ ನೀರು ನಿಲ್ಲುತ್ತಿತ್ತು, ನೀರಿನ ಸುತ್ತ ಹುಲ್ಲು ಬೆಳೆಯುತ್ತಿತ್ತು. ಚಳಿಗಾಲದಲ್ಲಿ ಬೆಟ್ಟಗಳ ಆಚೆಯಿಂದ ಹೆಬ್ಬಾತುಗಳು ಬಂದು ಇಳಿಯುತ್ತಿದ್ದವು. ಆಮೇಲೆ ಜನರು ಕಾಲುವೆ ತೋಡಿ ನೀರನ್ನು ಹೊರಗೆ ಹರಿಸಿದರು. ಹುಲ್ಲನ್ನು ಉತ್ತರು. ತಗ್ಗು ಜೋಳದ ಹೊಲವಾಯಿತು. ಹೆಬ್ಬಾತುಗಳು ಬರುವುದನ್ನು ಬಿಟ್ಟವು.

ಸಾಯುವ ಮೊದಲು ಆ ಹಕ್ಕಿಗಳ ಕೂಗನ್ನು ಇನ್ನೊಮ್ಮೆ ಕೇಳಬೇಕೆಂದು ವ್ಯಾಪಾರಿಗೆ ಆಸೆಯಾಯಿತು. ಅವನು ಆ ಹೊಲಗಳನ್ನು ಒಂದೊಂದಾಗಿ ಕೊಂಡ. ಒತ್ತಾಯ ಮಾಡಲಿಲ್ಲ. ಕೇಳಿದ ಬೆಲೆ ಕೊಟ್ಟ.

ಇಲ್ಲಿ ಆ ಸೀಮೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಇದನ್ನು ಬಿಟ್ಟರೆ ಮುಂದಿನದು ತಿಳಿಯುವುದಿಲ್ಲ. ಅಲ್ಲಿ ಪತ್ರ ಬರೆದ ಮಾತ್ರಕ್ಕೆ ನೆಲ ಕೈ ಬದಲಾಗುತ್ತಿರಲಿಲ್ಲ. ಮಾರುವವನು ಹೊಲದ ಸುತ್ತಲಿನ ಬದುವಿನ ಮೇಲೆ, ಹೊಲವನ್ನು ಎಡಕ್ಕಿಟ್ಟುಕೊಂಡು, ಒಂದು ಸುತ್ತು ನಡೆಯಬೇಕು. ಬದು ಎಂದರೆ ಹೊಲದ ಅಂಚಿನ ಮಣ್ಣಿನ ದಿಬ್ಬ. ಸುತ್ತು ಮುಗಿದ ಮೇಲೆ ಅವನು ಮೂಲೆಯಿಂದ ಹೊರಗೆ ಇಳಿದು, ತನ್ನ ಮನೆಯ ಹೊಸ್ತಿಲು ಮುಟ್ಟುವ ತನಕ ಹಿಂದೆ ತಿರುಗಿ ನೋಡಬಾರದು. ಇದನ್ನು ಎಡಸುತ್ತು ಎನ್ನುತ್ತಿದ್ದರು. ಅವನು ಹೋದ ಮೇಲೆ ಕೊಂಡವನು ಕಾಲು ತೊಳೆದುಕೊಂಡು, ಒದ್ದೆ ಕಾಲಿನಲ್ಲಿ, ಹೊಲವನ್ನು ಬಲಕ್ಕಿಟ್ಟುಕೊಂಡು ನಡೆಯಬೇಕು. ಇದು ಬಲಸುತ್ತು. ಒದ್ದೆ ಹೆಜ್ಜೆ ಒಣಗುವಷ್ಟರಲ್ಲಿ ನೆಲಕ್ಕೆ ಹೊಸ ಒಡೆಯನ ಗುರುತು ಸಿಗುತ್ತದೆ ಎಂದು ಅವರ ನಂಬಿಕೆ.

ಮಾರಿದವರೆಲ್ಲ ಎಡಸುತ್ತು ಹಾಕಿ ಹೋದರು. ವ್ಯಾಪಾರಿ ಪ್ರತಿಯೊಂದು ಹೊಲಕ್ಕೂ ಬಲಸುತ್ತು ಹಾಕಿದ.

ಕೊನೆಗೆ ಒಬ್ಬ ಮುದುಕಿಯ ಹೊಲ ಉಳಿಯಿತು. ಅದು ತಗ್ಗಿನಲ್ಲೆಲ್ಲ ತಗ್ಗಾದ ನೆಲ. ಅಲ್ಲಿಂದ ನೀರು ಹೊರಗೆ ಹರಿದರೆ ಉಳಿದ ನೆಲದಲ್ಲೂ ನೀರು ನಿಲ್ಲುವುದಿಲ್ಲ. ಅವಳ ಹೊಲವಿಲ್ಲದೆ ಬೇರೆಲ್ಲ ಹೊಲ ಕೊಂಡದ್ದು ವ್ಯರ್ಥ.

ಮುದುಕಿ ಹೇಳಿದಳು: "ಕೊಡ್ತೀನಿ ಸಾವ್ಕಾರ್ರ. ಆದ್ರ ಒಂದು ಮಾತು. ಕಾಮನ ಹುಣ್ಣಿವಿ ಒಳಗ ನಿಮ್ಮ ಬಾತು ಬಂದು ಇಳೀಬೇಕು. ಇಳೀಲಿಲ್ಲಂದ್ರ ನಾ ಬಂದು ಕಾಲುವಿ ತೆಗೆದು ಮತ್ತ ಕುಂಟಿ ಹೊಡೀತೀನಿ. ನನ್ನ ಗಂಡ ಬೆವರು ಸುರಿಸಿದ ನೆಲ ಅದು. ಸುಮ್ಮನ ಕೊಳೀಲಿ ಅಂತ ನಾ ಕೊಡೂದಿಲ್ಲ."

ವ್ಯಾಪಾರಿ ಒಪ್ಪಿದ. ಕಾಮನ ಹುಣ್ಣಿಮೆ ಎಂದರೆ ಹೋಳಿ. ಆ ಹೊತ್ತಿಗೆ ಚಳಿ ಮುಗಿದು ಹೆಬ್ಬಾತುಗಳು ತಮ್ಮ ದೇಶಕ್ಕೆ ಮರಳುತ್ತವೆ. ಅಷ್ಟರೊಳಗೆ ಇಳಿಯದಿದ್ದರೆ ಆ ವರ್ಷ ಮತ್ತೆ ಇಳಿಯುವುದಿಲ್ಲ. ಮುಂದಿನ ವರ್ಷಕ್ಕೆ ನೀರೇ ಇರುವುದಿಲ್ಲ.

ಅವನು ಕಾಲುವೆಗಳನ್ನು ಮುಚ್ಚಿಸಿದ. ಒಳಗಿನ ಬದುಗಳನ್ನು ಒಡೆಸಿದ. ಹೊರಗಿನ ಬದುವೊಂದು ಮಾತ್ರ ಸುತ್ತಲೂ ಉಳಿಯಿತು. ಮುಳ್ಳುಜಾಲಿಯನ್ನು ಬೇರುಸಹಿತ ಕೀಳಿಸಿದ. ದೂರದ ಹುಲ್ಲುಗಾವಲಿನಿಂದ ತೆನೆ ಬಲಿತ ಹುಲ್ಲನ್ನು ತರಿಸಿ ನೆಲದ ಮೇಲೆ ಹರಡಿಸಿದ. ಕುರುಬರನ್ನು ಕರೆದು ಅದರ ಮೇಲೆ ಕುರಿ ನಿಲ್ಲಿಸಿದ. ಕುರಿಗಳ ಗೊರಸುಗಳು ಹುಲ್ಲಿನ ಬೀಜವನ್ನು ಮಣ್ಣಿಗೆ ತುಳಿದವು. ಮಳೆ ಬಂತು. ತಗ್ಗಿನಲ್ಲಿ ನೀರು ನಿಂತಿತು. ನೀರಿನ ಅಂಚಿಗೆ ಜೊಂಡು ಎದ್ದಿತು. ಮೇಲಿನ ನೆಲದಲ್ಲಿ ಹುಲ್ಲು ಸೊಂಟದ ಎತ್ತರ ಬೆಳೆಯಿತು.

ಆಗ ವ್ಯಾಪಾರಿ ಊರಿನಲ್ಲಿ ಡಂಗುರ ಹೊಡೆಸಿದ. ಈ ನೆಲ ಇನ್ನು ನನ್ನದಲ್ಲ, ಯಾರದೂ ಅಲ್ಲ, ಪ್ರಾಣಿಪಕ್ಷಿಗಳದು, ದೂರದಿಂದ ನೋಡುವ ಎಲ್ಲರದು ಎಂದು ಸಾರಿಸಿದ.

ಆದರೆ ಅವನು ಎಡಸುತ್ತು ಹಾಕಲಿಲ್ಲ. ಇದಕ್ಕೆ ಕಾರಣವಿತ್ತು. ಎಡಸುತ್ತು ಹಾಕಿದರೆ ಬಲಸುತ್ತು ಹಾಕಲು ಇನ್ನೊಬ್ಬ ಬೇಕು. ಹಕ್ಕಿಗಳು ಬದುವಿನ ಮೇಲೆ ಸುತ್ತು ಹಾಕುವುದಿಲ್ಲ. ಒಡೆಯನಿಲ್ಲದ ನೆಲ ಬಿಟ್ಟುಹೋದ ಒಡೆಯನನ್ನು ಹುಡುಕಿಕೊಂಡು ಅವನ ಮನೆಗೆ ಬರುತ್ತದೆ ಎಂದು ಊರಿನ ಹಿರಿಯರು ಹೇಳುತ್ತಿದ್ದರು. ಅದಲ್ಲದೆ, ಹೆಸರಿಗಾದರೂ ಒಬ್ಬ ಒಡೆಯನಿದ್ದರೆ ನೆಲಕ್ಕೆ ಕಾವಲು ಇದ್ದಂತೆ ಎಂದು ಅವನು ಯೋಚಿಸಿದ. ಅವನ ಯೋಚನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದನ್ನು ಗುರುಗಳು ಎರಡು ಸಲ ಹೇಳಿದರು, ಆದ್ದರಿಂದ ನಾನೂ ಬರೆಯುತ್ತಿದ್ದೇನೆ. ಕೆಟ್ಟದ್ದೇನೂ ಇರಲಿಲ್ಲ.

ಚಳಿಗಾಲ ಬಂತು. ಹೆಬ್ಬಾತುಗಳು ಬಂದವು. ಆಕಾಶದಲ್ಲಿ ಸಾಲಾಗಿ ಕಾಣಿಸಿಕೊಂಡವು. ನೀರಿನ ಮೇಲೆ ಸುತ್ತಿದವು. ಕಾಲು ಚಾಚಿ ಇಳಿಯುವಷ್ಟು ಕೆಳಗೆ ಬಂದವು. ಆಮೇಲೆ ಒಟ್ಟಿಗೆ ಮೇಲೆದ್ದು ಹೋದವು. ಒಂದೂ ಕೂಗಲಿಲ್ಲ.

ಹುಲ್ಲೆಗಳು ಬದುವಿನ ತನಕ ಬಂದವು. ಒಂದು ಕಾಲನ್ನು ಎತ್ತಿಕೊಂಡು ನಿಂತವು. ಒಳಗೆ ಯಾರನ್ನೋ ನೋಡುವಂತೆ ನೋಡಿದವು. ಹಿಂದೆ ಸರಿದು ಓಡಿಹೋದವು.

ನೀರಿನಲ್ಲಿ ಕಪ್ಪೆ ಕೂಗಲಿಲ್ಲ. ಹುಲ್ಲಿನಲ್ಲಿ ಮಿಡತೆ ಹಾರಲಿಲ್ಲ. ಎಲ್ಲವೂ ಇತ್ತು. ಎಲ್ಲವೂ ಹಸಿರಾಗಿತ್ತು. ಆದರೆ ಅತಿಥಿಗಳಿಗೆಂದು ಎಲೆ ಹಾಕಿ, ಒಳಗಿನಿಂದ ಬಾಗಿಲು ಹಾಕಿಕೊಂಡ ಮನೆಯಂತೆ ಇತ್ತು. ಈ ಹೋಲಿಕೆ ನನ್ನದು. ಗುರುಗಳು, ಎಲ್ಲವೂ ಹಸಿರಾಗಿತ್ತು ಎಂದಷ್ಟೇ ಹೇಳಿದರು.

ಜನರು ನಗಲು ಶುರುಮಾಡಿದರು. ಮುದುಕಿ ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು: "ಏನ್ ಸಾವ್ಕಾರ್ರ, ಕೆಸರು ಚಲೋ ಬೆಳದೈತಲ್ಲ. ಸುಗ್ಗಿ ಯಾವಾಗ?"

ಒಂದು ದಿನ ಬೆಳಗ್ಗೆ ವ್ಯಾಪಾರಿ ಬದುವಿನ ಬಳಿ ಹೋದ. ಬದುವಿನ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಬರಿಗಾಲಿನ ಹೆಜ್ಜೆಗಳು. ನೀರನ್ನು ಬಲಕ್ಕಿಟ್ಟುಕೊಂಡು ಯಾರೋ ಪೂರ್ತಿ ಸುತ್ತು ನಡೆದಿದ್ದರು. ನಡೆದವನು ಎಲ್ಲೂ ಬದುವಿನಿಂದ ಕೆಳಗೆ ಇಳಿದಿರಲಿಲ್ಲ. ಎಲ್ಲಿಂದಲೂ ಬದುವಿನ ಮೇಲೆ ಹತ್ತಿರಲೂ ಇಲ್ಲ. ಹೆಜ್ಜೆಗಳಿಗೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ.

ಯಾರೋ ಈ ನೆಲವನ್ನು ತನ್ನದಾಗಿಸಿಕೊಳ್ಳಲು ಬಲಸುತ್ತು ಹಾಕುತ್ತಿದ್ದಾನೆ ಎಂದು ವ್ಯಾಪಾರಿಗೆ ಸಿಟ್ಟು ಬಂತು. ಒಬ್ಬ ಕುರುಬನನ್ನು ಕಾಯಲು ಇಟ್ಟ. ಮಾರನೆಯ ದಿನ ಕುರುಬ ಅವನ ಮುಖ ನೋಡದೆ ಹೇಳಿದ: "ನಸುಕಿನ್ಯಾಗ ನೀವ ಬಂದಿದ್ರಿ. ಸಾವ್ಕಾರ್ರ, ಸಾವ್ಕಾರ್ರ ಅಂತ ಕೂಗಿದೆ. ನೀವು ತಿರುಗಿ ನೋಡಲಿಲ್ಲ. ನನಗ್ಯಾಕ ಬೇಕ್ರಿ ಈ ಕಾವಲು? ನಿಮ್ಮ ಹೊಲ ನೀವ ಕಾಯಾಕ ಹತ್ತೀರಲ್ಲ."

ಆ ಹೊತ್ತಿನಲ್ಲಿ ವ್ಯಾಪಾರಿ ಮನೆಯಲ್ಲಿ ಮಲಗಿದ್ದ. ಅವನ ಹೆಂಡತಿ ಅದಕ್ಕೆ ಸಾಕ್ಷಿ. ಅವನು ಬದುವಿಗೆ ಹೋಗಿ, ಚಪ್ಪಲಿ ಬಿಟ್ಟು, ಒಂದು ಹೆಜ್ಜೆಯ ಗುರುತಿನ ಮೇಲೆ ತನ್ನ ಕಾಲನ್ನು ಇಟ್ಟ. ಕಾಲು ಸರಿಯಾಗಿ ಕೂತಿತು. ಗುರುತು ತಣ್ಣಗಿರಲಿಲ್ಲ. ಈಗ ತಾನೇ ಎದ್ದುಹೋದವನ ಹಾಸಿಗೆಯಂತೆ ಬೆಚ್ಚಗಿತ್ತು.

ಅಂದಿನಿಂದ ಹೆಂಡತಿಗೆ ಹೇಳಿ ಅವನು ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿಕೊಂಡು ಮಲಗಿದ. ಬೆಳಗ್ಗೆ ಅವನ ಪಾದಗಳು ಒಣಗಿಯೇ ಇರುತ್ತಿದ್ದವು. ಬದುವಿನ ಮೇಲೆ ಹೊಸ ಹೆಜ್ಜೆಗಳೂ ಇರುತ್ತಿದ್ದವು.

ಹುಣ್ಣಿಮೆ ಹತ್ತಿರ ಬಂತು. ಮುದುಕಿ ಕುಂಟೆಯನ್ನು ಅಟ್ಟದಿಂದ ಇಳಿಸಿ ಅಂಗಳದಲ್ಲಿ ಇಟ್ಟಳು. ಕುಂಟೆ ಎಂದರೆ ಹೊಲ ಹಸನು ಮಾಡುವ ಉಪಕರಣ. ಓದುವವರಿಗೆ ಗೊತ್ತಿರಬಹುದು. ವ್ಯಾಪಾರಿ ಅವಳ ಮನೆಗೆ ಹೋದ. ಗಡುವನ್ನು ಮುಂದೂಡು ಎಂದು ಕೇಳಲು ಹೋದವನು, ಅದನ್ನು ಕೇಳದೆ ಹೆಜ್ಜೆಗಳ ಮಾತು ಹೇಳಿದ.

ಮುದುಕಿ ಮೊದಲು ನಕ್ಕಳು. ಆಮೇಲೆ ನಗಲಿಲ್ಲ. "ನಾವೆಲ್ಲ ಎಡಸುತ್ತು ಹಾಕಿ ಹೋದ್ವಿ. ನನ್ನ ಕಾಲಾಗ ಶಕ್ತಿ ಇರಲಿಲ್ಲ, ಆದ್ರೂ ಹಾಕ್ದೆ. ನೀವು ಹಾಕಿದ್ರೇನು?" ಎಂದು ಕೇಳಿದಳು.

"ಯಾರಿಗಂತ ಹಾಕಲಿ ಅವ್ವಾ? ಆ ಕಡೆ ತಗೊಳ್ಳಾಕ ಯಾರೂ ಇಲ್ಲ. ನೆಲ ನನ್ನ ಹುಡುಕ್ಕೊಂಡು ಮನೀಗೆ ಬರ್ತೈತಿ ಅಂತಾರ."

"ನೆಲ ಎಲ್ಲಿ ನಿಮ್ಮನೀಗೆ ಬಂತು?" ಎಂದಳು ಮುದುಕಿ. "ನೀವ ಅದರ ಮನೀಗೆ ಹೋಗಿ ಕುಂತೀರಿ. ಯಜಮಾನ ಬಾಗಲದಾಗ ನಿಂತಿದ್ರ ಯಾವ ಬಾತು ಒಳಗ ಬರ್ತದ?"

ಮರುದಿನ ಬೆಳಕು ಹರಿಯುವಾಗ ವ್ಯಾಪಾರಿ ಬದುವಿನ ಮೂಲೆಗೆ ಬಂದ. ಅವನ ಹೆಂಡತಿ, ಮುದುಕಿ, ಕುರುಬ, ಊರಿನ ಒಂದಷ್ಟು ಜನ ಹೊರಗೆ ನಿಂತರು. ನೀರಿನ ಮೇಲೆ ಮಂಜು ಇತ್ತು. ವ್ಯಾಪಾರಿ ನೀರನ್ನು ಎಡಕ್ಕಿಟ್ಟುಕೊಂಡು ನಡೆಯತೊಡಗಿದ. ಸ್ವಲ್ಪ ದೂರದಲ್ಲಿ ಮಂಜಿನೊಳಗೆ ಮರೆಯಾದ.

ಹೊರಗಿದ್ದವರಿಗೆ ಹೆಜ್ಜೆಯ ಸದ್ದು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಎರಡು ಜೊತೆ ಹೆಜ್ಜೆಗಳ ಸದ್ದು ಕೇಳಿತು. ಒಂದು ಇತ್ತಲಿಂದ ಹೋಗುತ್ತಿತ್ತು. ಇನ್ನೊಂದು ಅತ್ತಲಿಂದ ಬರುತ್ತಿತ್ತು.

ಒಬ್ಬನು ಎಡಸುತ್ತು ಹಾಕುತ್ತ, ಇನ್ನೊಬ್ಬನು ಬಲಸುತ್ತು ಹಾಕುತ್ತ ಒಂದೇ ಬದುವಿನ ಮೇಲೆ ನಡೆದರೆ ಇಬ್ಬರೂ ಎದುರಾಗಲೇಬೇಕು. ಬದು ಒಬ್ಬನು ನಡೆಯುವಷ್ಟೇ ಅಗಲವಾಗಿತ್ತು.

ಹೆಜ್ಜೆಗಳ ಸದ್ದು ನಿಂತಿತು. ಮಂಜಿನೊಳಗಿನಿಂದ ವ್ಯಾಪಾರಿಯ ಧ್ವನಿ ಕೇಳಿತು.

"ನಾನು ಕಾಯದಿದ್ದರೆ ಇದನ್ನು ಯಾರು ಕಾಯುತ್ತಾರೆ?"

ಅದಕ್ಕೆ ಉತ್ತರವಾಗಿಯೂ ವ್ಯಾಪಾರಿಯ ಧ್ವನಿಯೇ ಕೇಳಿತು.

"ಗೊತ್ತಿಲ್ಲ."

ಆಮೇಲೆ ಯಾರೋ ಬದುವಿನಿಂದ ನೀರಿಗೆ ಕಾಲಿಟ್ಟ ಸದ್ದಾಯಿತು. ಬಿದ್ದ ಸದ್ದಲ್ಲ, ದಾರಿ ಬಿಟ್ಟುಕೊಟ್ಟು ಪಕ್ಕಕ್ಕೆ ಇಳಿದ ಸದ್ದು. ನೀರಿನಿಂದ ಮೇಲೆ ಬಂದ ಸದ್ದು ಆಗಲಿಲ್ಲ. ಒಂದು ಜೊತೆ ಹೆಜ್ಜೆಗಳು ಮತ್ತೆ ನಡೆಯತೊಡಗಿದವು. ಅವು ಯಾವ ದಿಕ್ಕಿಗೆ ನಡೆಯುತ್ತಿದ್ದವು ಎಂದು ಹೊರಗಿದ್ದವರಿಗೆ ತಿಳಿಯಲಿಲ್ಲ. ಮಂಜಿನಲ್ಲಿ ಸದ್ದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ.

ಒಬ್ಬ ಮನುಷ್ಯ ಮೂಲೆಯಿಂದ ಹೊರಗೆ ಇಳಿದ. ಅವನು ವ್ಯಾಪಾರಿಯಂತೆಯೇ ಇದ್ದ. ಯಾರನ್ನೂ ನೋಡಲಿಲ್ಲ, ತಿರುಗಲಿಲ್ಲ. ನೇರವಾಗಿ ಊರಿನ ಕಡೆ ನಡೆದ. ಹೆಂಡತಿ ಅವನ ಹಿಂದೆ ಹೋದಳು. ತನ್ನ ಮನೆಯ ಹೊಸ್ತಿಲಿನ ಮುಂದೆ ಅವನು ನಿಂತ. ಒಳಗೆ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಕೇಳಿದ:

"ಒಳಗೆ ಬರಬಹುದೇ?"

ಆ ಮನೆಯನ್ನು ಕಟ್ಟಿಸಿದವನು ಅವನೇ. ಆದರೂ ಹೆಂಡತಿ ಪಕ್ಕಕ್ಕೆ ಸರಿದು, "ಬನ್ನಿ" ಎಂದಳು.

ಅದೇ ಹೊತ್ತಿಗೆ ಮಂಜು ಸರಿಯಿತು. ಹೆಬ್ಬಾತುಗಳು ಬಂದವು. ಈ ಸಲ ಸುತ್ತಲಿಲ್ಲ. ಕೂಗುತ್ತ ಬಂದು, ಕಾಲು ಚಾಚಿ, ನೀರನ್ನು ಸೀಳಿಕೊಂಡು ಇಳಿದವು. ಅವುಗಳ ಸದ್ದಿಗೆ ಕಪ್ಪೆಗಳು ಎಚ್ಚೆತ್ತಂತೆ ವಟಗುಟ್ಟಿದವು. ಸಂಜೆಯ ಹೊತ್ತಿಗೆ ಹುಲ್ಲೆಗಳು ಹುಲ್ಲಿನೊಳಗಿದ್ದವು. ಬದುವಿನ ಮೇಲೆ ಗೊರಸಿನ ಗುರುತುಗಳೂ ಹಕ್ಕಿಯ ಬೆರಳಿನ ಗುರುತುಗಳೂ ತುಂಬಿಕೊಂಡು, ಮನುಷ್ಯನ ಹೆಜ್ಜೆ ಇದ್ದದ್ದು ತಿಳಿಯದಂತಾಯಿತು.

ನೆಲವನ್ನು ಯಾರು ಕಾದರು ಎಂದರೆ, ಯಾರು ಅಲ್ಲಿ ಹಾದುಹೋಗುತ್ತಿದ್ದರೋ ಅವರು ಕಾದರು. ಬಲೆ ಹಿಡಿದು ಬಂದ ಒಬ್ಬನನ್ನು ಮುದುಕಿಯೇ ಕುಂಟೆಯ ಈಸು ಎಂಬ ಉದ್ದನೆಯ ಕೋಲನ್ನು ಹಿಡಿದು ಊರಗಸಿಯ, ಎಂದರೆ ಊರ ಹೆಬ್ಬಾಗಿಲಿನ, ತನಕ ಅಟ್ಟಿದಳು. ಅವಳನ್ನು ಯಾರೂ ಕಾವಲಿಗೆ ನೇಮಿಸಿರಲಿಲ್ಲ.

ವ್ಯಾಪಾರಿಯ ಮನೆಗೆ ಹಕ್ಕಿಗಳ ಕೂಗು ಕೇಳುತ್ತಿತ್ತು. ಅವನು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತಿದ್ದ. ಆಮೇಲೆ ಹೆಂಡತಿಯನ್ನು ಕೇಳುತ್ತಿದ್ದ, "ಎಷ್ಟು ಚೆನ್ನಾಗಿದೆ. ಅದು ಏನು ಕೂಗು?" ಅವಳು ಪ್ರತಿಸಲವೂ ಹೇಳುತ್ತಿದ್ದಳು. ಅವನು ಪ್ರತಿಸಲವೂ ಹೊಸದಾಗಿ ಸಂತೋಷಪಡುತ್ತಿದ್ದ. ಹುಲ್ಲಿನ ಕಡೆಗೆ ಮಾತ್ರ ಅವನು ಮತ್ತೆ ಹೋಗಲಿಲ್ಲ. ಹೆಂಡತಿಯೂ ಹೋಗಲಿಲ್ಲ. ನೀರಿನೊಳಗೆ ಯಾರಾದರೂ ನಿಂತಿರುವುದು ಕಂಡರೆ ಏನು ಮಾಡುವುದೆಂದು ಅವಳಿಗೆ ಭಯ.

ಗುರುಗಳ ಕತೆ ಇಲ್ಲಿಗೆ ಮುಗಿಯಿತು. ಅವರು ಕೈ ಮುಗಿದು ಏಳಲು ಹೊರಟರು. ನಿರ್ವಾಣಪ್ಪನವರು ಬಿಡಲಿಲ್ಲ. ಕೂತಲ್ಲಿಂದ ಮುಂದೆ ಸರಿದರು. ನಾನು ಅವರ ಪಕ್ಕದಲ್ಲಿಯೇ ಕೂತಿದ್ದೆ.

"ಗುರುಗಳೇ, ಒಂದೇ ಒಂದು ಮಾತು. ನೀರಿಗೆ ಇಳಿದವನು ಯಾರು? ಹೊರಗೆ ಬಂದವನು ಯಾರು? ಅದು ತಿಳಿಯದೆ ನಾನು ಹೇಗೆ ಮಲಗಲಿ?"

ಗುರುಗಳು ಹೇಳಿದರು: "ಹಕ್ಕಿಗಳು ಇಳಿದವಲ್ಲ, ನಿರ್ವಾಣಪ್ಪ, ಇನ್ನೂ ಬದುವಿನ ಮೇಲೆ ನಿಂತು ಕೇಳುತ್ತಿರುವವನು ಯಾರು?"

ಅಂದಿನಿಂದ ನಿರ್ವಾಣಪ್ಪನವರು ಕೆರೆಯ ಕೆಳಗಿನ ಗದ್ದೆಯ ಕಡೆ ಹೋಗುವುದನ್ನು ಬಿಟ್ಟರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗುರುಗಳ ಕೊನೆಯ ಮಾತನ್ನು ವಿವರಿಸದೆ ಬಿಟ್ಟರೆ ಓದುವವರಿಗೆ ತೊಂದರೆಯಾಗಬಹುದು. ಅದರ ಅರ್ಥ ಹೀಗೆ. ಬದುವಿನ ಮೇಲೆ ಇಬ್ಬರಿದ್ದರು ಎಂದು ನಾವು ತಿಳಿದುಕೊಳ್ಳುತ್ತೇವೆ. ಒಬ್ಬನು ಕಾಯುವವನು, ಇನ್ನೊಬ್ಬನು ಬಿಡುವವನು. ಆದರೆ ಬಿಡಲು ಬಂದವನಿಗೂ, ತಾನು ಬಿಟ್ಟೆ ಎಂಬುದೊಂದು ಉಳಿದಿರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಆ ಬೆಳಗ್ಗೆ ದಾರಿ ಬಿಟ್ಟು ನೀರಿಗೆ ಇಳಿದವನು ನಿಜವಾಗಿ ಯಾರೆಂದರೆ

ಹಿತ್ತಿಲ ಬಾಗಿಲಲ್ಲಿ ನಿರ್ವಾಣಪ್ಪನವರು ನಿಂತು ನನ್ನನ್ನು ಕರೆಯುತ್ತಿದ್ದಾರೆ. ಕೂಗಿ ಕರೆಯುತ್ತಿಲ್ಲ, ಪಿಸುಮಾತಿನಲ್ಲಿ. ಕೆರೆಯ ಕೆಳಗಿನ ಗದ್ದೆಯ ಕಡೆ ಕೈ ತೋರಿಸಿ, ಚಪ್ಪಲಿ ಬೇಡ, ಸದ್ದು ಮಾಡದೆ ಬಾ ಎನ್ನುತ್ತಿದ್ದಾರೆ.